ಬಿಸಿಯಾದಾಗ ಬರುವ ಸದ್ದು

"ಪೈಪು ದೊಡ್ಡದಾಗಬೇಕು. ಆದ್ರೆ ಸದ್ದು ಮಾತ್ರ ಹೆಚ್ಚಾಗಬಾರದು!"

ವಿಜಯಶ್ರೀ ವೆಲ್ಡಿಂಗ್ ಮುಖವಾಡ ಮೇಲೆತ್ತಿ ನೋಡಿದಳು. ಎದುರಿಗೆ ಬೂದು ಬಣ್ಣದ ಟರ್ಬೊ ಕಾರು. ಅದರ ಪಕ್ಕದಲ್ಲಿ ಕನ್ನಡಕದ ಯುವಕ.

ಸನತ್‌ನಗರದ ಈ ಗ್ಯಾರೇಜಿಗೆ ಬರುವ ಹುಡುಗರೆಲ್ಲ ಕೇಳುವುದು ಒಂದೇ... ಸದ್ದು! ನಾಲ್ಕು ಬೀದಿ ತಿರುಗಿ ನೋಡಬೇಕು ಅವರಿಗೆ. ಇವನ್ಯಾರಪ್ಪ ಬೇರೆ ಥರದವನು?

"ಹಂಗಾದ್ರ ದೊಡ್ಡ ಪೈಪು ಯಾಕ ಬೇಕ್ರಿ?"

"ಟರ್ಬೊದಿಂದ ಬರೋ ಬಿಸಿ ಹೊಗೆ ಹಳೇ ಪೈಪಲ್ಲಿ ಒದ್ದಾಡ್ತಿದೆ. ಇಂಜಿನ್ ಚೆನ್ನಾಗಿ ಉಸಿರಾಡ್ಲಿ ಅಂತ ಅಷ್ಟೇ. ಊರಿಗೆಲ್ಲ ಕೇಳ್ಲಿ ಅಂತಲ್ಲ."

ಇಂಜಿನ್ ಉಸಿರಾಡಲಿ! ಹೀಗೆ ಹೇಳಿದವರನ್ನು ಅವಳು ಇದೇ ಮೊದಲು ಕಂಡದ್ದು. ಕುತೂಹಲ ಶುರುವಾಗಿದ್ದು ಅಲ್ಲೇ.

ಅವನು ಮನೋಜ. ಮೈಸೂರಿನವನು. ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ.

ಗ್ಯಾರೇಜಿನ ಯಜಮಾನ ಅಮರಯ್ಯ ರಾಯಚೂರು ಕಡೆಯವರು. ಅವಳನ್ನು ಪಕ್ಕಕ್ಕೆ ಕರೆದರು.

"ನೀ ಒಬ್ಬಾಕಿನ ಪೂರ್ತಿ ಮಾಡೋ ಮೊದಲನೇ ಟರ್ಬೊ ಗಾಡಿ ಇದು, ವಿಜಯಾ. ಚೊಲೊ ಆದ್ರ ಇನ್ನ ಮ್ಯಾಲ ಇಂಥಾ ಕೆಲಸ ಎಲ್ಲಾ ನಿಂದ. ತಿರುಗಿ ತಿರುಗಿ ಬಂತಂದ್ರ... ಮತ್ತ ಗೇಟು, ಗ್ರಿಲ್ಲ ನೋಡವಾ."

ಐದು ವರ್ಷ ಗೇಟು, ಗ್ರಿಲ್ಲು ಬೆಸೆದವಳು ಅವಳು. ಸಾಕಾಗಿತ್ತು!

ನಾಲ್ಕು ದಿನ ಊಟ ತಿಂಡಿ ಮರೆತು ದುಡಿದಳು. ಮೂರಿಂಚಿನ ಸ್ಟೀಲ್ ಪೈಪು, ಸದ್ದು ತಡೆಯಲು ಎರಡು ಸೈಲೆನ್ಸರ್. ಕಾರು ಗಂಟಲು ಸರಿಮಾಡಿಕೊಂಡವರ ಹಾಗೆ ಮೆಲ್ಲಗೆ ಗುನುಗುತ್ತ ಹೊರಟಿತು.

ವಾರ ಕಳೆಯಿತು. ಕಾರು ವಾಪಸ್ ಬಂತು!

"ಅಡಿಯಿಂದ ಟಿಣ್ ಟಿಣ್ ಅಂತಿದೆ," ಎಂದ ಮನೋಜ.

ಸರದಿ ಬರುವವರೆಗೆ ಕಾರನ್ನು ಬೇವಿನ ಮರದ ನೆರಳಲ್ಲಿ ನಿಲ್ಲಿಸಿದರು. ಒಂದು ಗಂಟೆ ಕಾಯಬೇಕಾಯಿತು. ಆಮೇಲೆ ಅವಳೂ ಅಮರಯ್ಯನವರೂ ಕಾರು ಮೇಲೆತ್ತಿ ನೋಡಿದರೆ... ಯಾವ ಸದ್ದೂ ಇಲ್ಲ.

ಮುಂದಿನ ವಾರವೂ ಅದೇ ಕಥೆ. ಕಾಯುವಾಗ ಇಬ್ಬರೂ ಚಹಾ ಕುಡಿದರು.

"ಬೆಸುಗೆ ಹತ್ರ ಸ್ಟೀಲಿಗೆ ನೀಲಿ ಬಣ್ಣ ಹೇಗೆ ಬರುತ್ತೆ?" ಅವನು ಕೇಳಿದ.

"ಕಾವು ಎಷ್ಟ್ ತಿಂದೈತಿ ಅಂತ ಅದರಾಗ ಗೊತ್ತಾಗ್ತೈತ್ರಿ," ಎಂದಳು. ಅವಳ ಕೆಲಸದ ಬಗ್ಗೆ ಇಷ್ಟು ಆಸೆಯಿಂದ ಯಾರೂ ಕೇಳಿರಲಿಲ್ಲ. ಆ ರಾತ್ರಿ ನಿದ್ದೆ ಬೇಗ ಬರಲಿಲ್ಲ, ಪಾಪ!

ಮೂರನೇ ಸಲವೂ ಕಾದು, ಕಾರು ಮೇಲೆತ್ತಿ ನೋಡಿ, ಸದ್ದು ಸಿಗದಿದ್ದಾಗ ಜೊತೆಗಾರ ಹುಲಗೇಶ ನಕ್ಕೇಬಿಟ್ಟ. "ಸದ್ದು ಗಾಡಿದಲ್ಲ ಬಿಡ್ರಿ, ಎದಿಯಾಗಿಂದು!"

ಅಮರಯ್ಯನವರ ಮುಖ ಗಂಟಿಕ್ಕಿತು. ವಿಜಯಶ್ರೀಯ ಮೈಯೆಲ್ಲ ಉರಿದುಹೋಯಿತು.

"ಸದ್ದೂ ಇಲ್ಲ, ಏನೂ ಇಲ್ಲ! ನನ್ನ ನೋಡಾಕ ನೆವ ಮಾಡ್ಕೊಂಡು ಬರಾಕತ್ತೀರಿ, ಹೌದಿಲ್ರಿ? ನನ್ನ ಕೆಲಸಕ್ಕ ಕಲ್ಲು ಹಾಕಾಕತ್ತೀರಿ!"

ಮನೋಜನ ಮುಖ ಬಾಡಿತು.

"ಇಲ್ಲ... ಮುಕ್ಕಾಲು ಗಂಟೆ ಓಡಿಸಿದ ಮೇಲೆ ಸದ್ದು ಬರ್ತಿದೆ. ನಾನು ಸುಳ್ಳು ಹೇಳಲ್ಲ, ವಿಜಯಶ್ರೀ ಅವರೇ."

ಹೋದ. ಮತ್ತೆ ಬರಲಿಲ್ಲ.

'ಇಲ್ಲ ಅಂದ. ಒಳ್ಳೇದೇ ಆಯಿತಲ್ಲ? ಮತ್ತೆ ಆ ಇಲ್ಲ ಎಂಬುದು ನನಗೇಕೆ ಇಷ್ಟು ಚುಚ್ಚುತ್ತಿದೆ?' ಹತ್ತು ದಿನ ಇದೇ ಯೋಚನೆ.

ಹನ್ನೊಂದನೇ ದಿನ ಬೇರೊಂದು ಕಾರಿನ ಪೈಪು ಬೆಸೆದು, ಆರುವ ಮೊದಲೇ ಅಳತೆ ಹಿಡಿದಳು. ಒಂದಿಷ್ಟು ಉದ್ದ ಹೆಚ್ಚಿತ್ತು. ಕಾವಿಗೆ ಲೋಹ ಹಿಗ್ಗುತ್ತದೆ, ಅವಳಿಗೆ ಗೊತ್ತಿರದ ವಿಷಯವೇ?

ಮುಕ್ಕಾಲು ಗಂಟೆ... ಬೇವಿನ ನೆರಳು... ಪ್ರತಿ ಸಲವೂ ಕಾರು ಆರಿದ ಮೇಲೆ ತಾನೇ ನೋಡಿದ್ದು!

ಭಾನುವಾರ ಬೆಳಿಗ್ಗೆ, ಬಿಲ್ಲಿನಲ್ಲಿದ್ದ ವಿಳಾಸ ಹಿಡಿದು, ಕುಷಾಯಿಗೂಡದ ಅವನ ಮನೆ ಮುಂದೆ ನಿಂತಿದ್ದಳು.

"ಗಾಡಿ ತೆಗೀರಿ. ನಾನೂ ಕುಂದರ್ತೀನಿ."

ಅವನು ಕೀಲಿ ತಂದ. ಕಾರು ಹೊರವರ್ತುಲ ರಸ್ತೆಯ ಕಡೆ ಓಡಿತು. ಇಬ್ಬರೂ ಕಿವಿಗೊಟ್ಟು ಕೂತರು. ಅರ್ಧ ಗಂಟೆ ಆಯಿತು... ನಲವತ್ತು ನಿಮಿಷ...

ಟಿಣ್! ಟಿಣ್!

"ನಿಲ್ಲಿಸ್ರಿ!"

ಕಾರು ಬದಿಗೆ ನಿಂತಿತು. ಅವಳು ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ ನೆಲಕ್ಕೆ ಮಲಗಿ ಅಡಿಗೆ ಇಣುಕಿದಳು. ಹಿಗ್ಗಿದ ಪೈಪು ಕಬ್ಬಿಣದ ಪಟ್ಟಿಗೆ ತಾಗುತ್ತಿತ್ತು. ಉಜ್ಜಿದ ಜಾಗ ಫಳಫಳ ಹೊಳೆಯುತ್ತಿತ್ತು. ಹಿಗ್ಗುವಷ್ಟು ಸಂದು ಅವಳು ಬಿಟ್ಟಿರಲಿಲ್ಲ.

ಎದ್ದು ಅಲ್ಲೇ ಅಮರಯ್ಯನವರಿಗೆ ಫೋನ್ ಹಚ್ಚಿದಳು.

"ಕಾಕಾ, ತಪ್ಪು ನಂದು. ಕಾದ್ಮ್ಯಾಲ ಪೈಪು ತಾಗಾಕತ್ತೈತಿ. ಅವರು ಖರೇನ ಹೇಳಿದ್ರು. ಗೇಟು, ಗ್ರಿಲ್ಲಿಗೆ ಹಾಕ್ತೀರಂದ್ರ ಹಾಕ್ರಿ."

"ಮೂರು ಸಲ ನಾನೂ ಅದನ್ನ ನೋಡಿದೆ, ನಂಗೂ ತಿಳೀಲಿಲ್ಲ. ನೀ ಹುಡುಕಿದಿ," ಎಂದರು ಅಮರಯ್ಯ. "ಗೇಟಿಗೆ ಬ್ಯಾರೆದವರನ್ನ ನೋಡ್ತೀನಿ. ನಾಳಿ ಆ ಗಾಡಿ ತಗೊಂಡ್ ಬಾ."

ಅವಳ ಕಣ್ಣು ತುಂಬಿಬಂತು. ಮನೋಜ ನೀರಿನ ಬಾಟಲಿ ಚಾಚಿದ.

"ಅವತ್ತು ಎಲ್ಲಾರ ಮುಂದ ಬೈದೆ. ತಪ್ಪಾತ್ರಿ... ನೀವು ಸುಳ್ಳು ಹೇಳಿರ್ಲಿಲ್ಲ."

"ಒಂದು ಹೇಳಿದ್ದೆ."

"ಏನ್ರಿ?"

"ಮೊದಲೆರಡು ಸಲ ಸದ್ದಿಗೋಸ್ಕರಾನೇ ಬಂದೆ. ಮೂರನೇ ಸಲ ಸದ್ದು ಬಂದಾಗ... ನಂಗೆ ಖುಷಿ ಆಯ್ತು ವಿಜಯಶ್ರೀ. ನಿಮ್ಮನ್ನ ನೋಡೋಕೆ ಬಂದ್ರಾ ಅಂತ ನೀವು ಕೇಳಿದ್ರಲ್ಲ, ಅದಕ್ಕೆ ಇಲ್ಲ ಅಂದಿದ್ದು ಸುಳ್ಳು."

ಅವಳು ಮಣ್ಣು ಮೆತ್ತಿದ ಕೈಯನ್ನು ದುಪಟ್ಟಾಗೆ ಒರೆಸುತ್ತಲೇ ಇದ್ದಳು.

"ನಾಳಿ ಸದ್ದು ತೆಗೆದುಬಿಡ್ತೀನಿ. ಆಮ್ಯಾಲ ಯಾವ ನೆವ ಹೇಳ್ತೀರಿ?"

"ನೆವ ಇಲ್ದೆ ಬಂದ್ರೆ?"

ಅವಳು ತಲೆಯೆತ್ತಿ ಅವನ ಕಣ್ಣನ್ನೇ ನೋಡಿದಳು.

"ಬರ್ರಿ... ದಿನಾ ಬರ್ರಿ."