ಕೆಂಪು ಗಾದಿಯೊಳಗೊಂದು ಸೈಕಲ್ಲು

"ಬಿಚ್ಚಬೇಕಾಗ್ತದೆ," ಎಂದ ಮುಖ್ತಾರ್.

ಶಕೀಲಾ ಆಗಷ್ಟೇ ಕೊನೆಯ ಮೂಲೆಗೆ ಗಂಟು ಬಿಗಿದು ದಾರವನ್ನು ಹಲ್ಲಿನಿಂದ ಕಡಿದಿದ್ದಳು. ಅವಳ ಮುಂದೆ ಗೋಣಿಯೊಳಗೆ ದಪ್ಪಗೆ ಹತ್ತಿ ತುಂಬಿ ಹೊಲಿದ ಮೂಟೆ. ಅದರ ಹೊಟ್ಟೆಯಲ್ಲಿ ಇವನ ರೇಸ್ ಸೈಕಲ್ಲು.

"ಏನಂದ್ರಿ?"

"ಟೈರಿನ ಗಾಳಿ ಬಿಡೋದು ಮರೆತೆ. ವಿಮಾನದಲ್ಲಿ ಅಷ್ಟು ಎತ್ತರಕ್ಕೆ ಹೋದ್ರೆ ಒಡೆದುಹೋಗ್ತದಂತೆ. ಟೀಮ್ ಮ್ಯಾನೇಜರ್ ಹೇಳಿದ್ರು."

"ಮೊನ್ನೆ ಪೆಡಲ್ಲು ಬಿಚ್ಚೋದು ಮರೆತ್ರಿ. ಇವತ್ತು ಗಾಳಿ. ನಾಳೆ ಬಂದು ಬೆಲ್ಲು ಹೊಡೆದು ನೋಡ್ಬೇಕು ಅಂತೀರಾ?"

"ರೇಸ್ ಸೈಕಲ್ಲಿಗೆ ಬೆಲ್ಲು ಇರಲ್ಲ," ಎಂದ ಅವನು, ಬಹಳ ಗಂಭೀರವಾಗಿ.

ಶಕೀಲಾ ದಬ್ಬಳವನ್ನು ಮೂಟೆಗೆ ಚುಚ್ಚಿ ಎದ್ದುಹೋದಳು. ಒಳಗೆ ಹೋಗಿ ಒಂದು ಲೋಟ ನೀರು ಕುಡಿದು, ಬೈಯಬೇಕಾದ್ದನ್ನೆಲ್ಲ ಗೋಡೆಗೆ ಬೈದು, ಕತ್ತರಿ ಹಿಡಿದು ವಾಪಸು ಬಂದಳು. ಮುಖ್ತಾರ್ ಹತ್ತಿಯ ರಾಶಿ ಪಕ್ಕ ಕೂತು ಅವಳು ಬರುವ ದಾರಿಯನ್ನೇ ನೋಡುತ್ತಿದ್ದ. ಕಣ್ಣಿಗೆ ಕಣ್ಣು ಸಿಕ್ಕಿದ್ದೇ ತಡ, ಟೈರು ಒತ್ತಿ ನೋಡುವವನ ಹಾಗೆ ಮೂಟೆ ಒತ್ತತೊಡಗಿದ.

ಇದೇ ಅವಳಿಗೆ ಆಗದ ವಿಷಯ. ನೋಡುವುದಾದರೆ ನೋಡಬೇಕು, ಇಲ್ಲದಿದ್ದರೆ ಬಿಡಬೇಕು.

ಗುಬ್ಬಿಯಲ್ಲಿ ಗಾದಿ ಹೊಲಿಯುವ ಗುಲಾಮ್ ನಬಿ ಸಾಬರ ಒಬ್ಬಳೇ ಮಗಳು ಶಕೀಲಾ. ತಾಯಿ ಇರಲಿಲ್ಲ, ಮನೆಯಲ್ಲಿ ಅಪ್ಪ, ಅಜ್ಜಿ ಜೈನಬ್ ಬೀ, ಮತ್ತೆ ಎಲ್ಲೆಲ್ಲೂ ಹತ್ತಿ. ಮುಖ್ತಾರ್ ಅಹಮದ್ ತುಮಕೂರಿನ ಒಂದು ಸೈಕಲ್ ಶಾಪಿನಲ್ಲಿ ಕೆಲಸಕ್ಕಿದ್ದ. ಅವನ ತಂದೆ ಬದುಕಿದ್ದಾಗ ಗುಲಾಮ್ ನಬಿಯವರ ಗೆಳೆಯ. ಎರಡು ವರ್ಷದಿಂದ ಅವನು ಬೆಳಗಾದರೆ ತುಮಕೂರಿನಿಂದ ಹೊರಟು, ಗುಬ್ಬಿ ದಾಟಿ, ಕೆಲವು ದಿನ ಹಾಗಲವಾಡಿವರೆಗೂ ತುಳಿದು ಪ್ರಾಕ್ಟೀಸ್ ಮಾಡುತ್ತಿದ್ದ. ವಾಪಸು ಬರುವಾಗ ಇವರ ಬಾಗಿಲಲ್ಲಿ ಒಂದು ಚೊಂಬು ನೀರು. ರಸ್ತೆ ಮೇಲೆ ಗಾಳಿಯಂತೆ ಹೋಗುವ ಮನುಷ್ಯ, ಆ ಒಂದು ಚೊಂಬು ನೀರು ಕುಡಿಯುವುದಕ್ಕೆ ಮಾತ್ರ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ.

ಆ ಅರ್ಧ ಗಂಟೆಯಲ್ಲಿ ಅವನು ಆಡಿದ ಮಾತೆಲ್ಲ ಚೈನು, ಬೇರಿಂಗು, ಕಡ್ಡಿ. ಶಕೀಲಾಗೆ ಸೈಕಲ್ ತುಳಿಯಲು ಬರದಿದ್ದರೂ ಪಂಕ್ಚರ್ ಹಾಕುವುದು ಹೇಗೆಂದು ಬಾಯಿಪಾಠವಾಗಿತ್ತು.

ಈಗ ಕೊಲಂಬೊದಲ್ಲಿ ದೊಡ್ಡ ರೇಸು. ಟೀಮಿಗೆ ಇವನೂ ಸೆಲೆಕ್ಟ್ ಆಗಿದ್ದ. ಬೆಂಗಳೂರಿನಿಂದ ಮದ್ರಾಸಿಗೆ ರೈಲು, ಅಲ್ಲಿಂದ ವಿಮಾನ. ಸೈಕಲ್ಲನ್ನು ಬಿಚ್ಚಿ, ಮೆತ್ತಗೆ ಸುತ್ತಿ ತರಬೇಕು, ಇಪ್ಪತ್ತು ಕಿಲೋ ಮೀರಬಾರದು ಎಂದು ಮ್ಯಾನೇಜರ್ ಅಪ್ಪಣೆ. ಮೆತ್ತಗೆ ಎಂದ ಕೂಡಲೇ ಮುಖ್ತಾರ್‌ಗೆ ನೆನಪಾದದ್ದು ಗುಬ್ಬಿ.

"ತುಮಕೂರಲ್ಲಿ ಗಾದಿ ಹೊಲಿಯೋರು ಇಲ್ವಾ?" ಎಂದು ಅವಳು ಮೊದಲ ದಿನವೇ ಕೇಳಿದ್ದಳು.

"ಇದಾರೆ."

"ಮತ್ತೆ?"

"ಅಲ್ಲಿ ನೀರು ಚೆನ್ನಾಗಿಲ್ಲ," ಎಂದಿದ್ದ. ಅಷ್ಟೇ.

ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಭಾನುವಾರ ಕುಣಿಗಲ್‌ನಿಂದ ರಹಿಮಾ ಬೀ ತನ್ನ ಮಗನಿಗೆ ಹೆಣ್ಣು ನೋಡಲು ಬರುತ್ತಾಳೆ, ಮಾತು ಕೂಡಿಬಂದರೆ ಅಂದೇ ಸಕ್ಕರೆ ಹಂಚುತ್ತಾರೆ ಎಂದು ಅಜ್ಜಿ ಅವನೆದುರಿಗೇ ಹೇಳಿದ್ದಳು. ಆಗ ಅವನು ಸ್ಪಾನರ್ ಎತ್ತಿಕೊಂಡು ಸೀಟು ಬಿಚ್ಚಿದ್ದ. ಬಿಚ್ಚುವ ಅಗತ್ಯವೇ ಇರಲಿಲ್ಲ. ಮತ್ತೆ ಹಾಕಿದ.

ಅವನು ಹೊರಡುವುದೂ ಭಾನುವಾರವೇ. ಬಾಯಿ ಬಿಟ್ಟರೆ ಅಷ್ಟರೊಳಗೆ ಬಿಡಬೇಕು. ಅವಳಾಗಿ ಬಿಡುವಂತಿಲ್ಲ. ಇದನ್ನು ನೆನೆದಾಗಲೆಲ್ಲ ಅವಳ ದಬ್ಬಳ ಬೆರಳಿಗೇ ಚುಚ್ಚುತ್ತಿತ್ತು.

*

ಭಾನುವಾರ ಬೆಳಗ್ಗೆ ಮೂಟೆಯನ್ನು ಕೊಬ್ಬರಿ ಮಂಡಿಗೆ ಹೊತ್ತುಕೊಂಡು ಹೋಗಿ ತೂಗಿಸಿದ ಮುಖ್ತಾರ್, ಜೋಲುಮುಖ ಹಾಕಿಕೊಂಡು ವಾಪಸು ಬಂದ.

"ಮಂಡಿ ಸಿದ್ದಯ್ಯ ಎರಡು ಸಲ ತೂಗಿದ. ಜಾಸ್ತಿ ಐತೆ ಕಣ್ರೀ ಸಾಬ್ರೇ, ಅಂದ. ಬಿಚ್ಚಬೇಕಾಗ್ತದೆ."

ಶಕೀಲಾ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನೀವು ಬೇಕಂತಲೇ ಮಾಡ್ತಿದ್ದೀರಾ?"

"ಪೆಡಲ್ಲು ನಿಜವಾಗ್ಲೂ ಮರೆತಿದ್ದೆ."

"ಗಾಳಿ?"

ಅವನು ತಲೆ ತಗ್ಗಿಸಿ ಅಂಗಿಗೆ ಹತ್ತಿದ ಅರಳೆಯನ್ನು ಒಂದೊಂದೇ ಬಿಡಿಸತೊಡಗಿದ. ಕಿವಿ ಕೆಂಪಾಗಿತ್ತು. ಶಕೀಲಾ ಕಾದಳು. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಉಸಿರು ಹಿಡಿದು ಕಾದಳು.

"ಗೋಣಿ ಭಾರ ಜಾಸ್ತಿ," ಎಂದ. "ಹಗುರ ಬಟ್ಟೆ ಏನಾದ್ರೂ ಸಿಗ್ತದಾ?"

ಅವಳಿಗೆ ಅಳು ಬಂತು. ಅಳುವ ಬದಲು ಒಳಗೆ ಹೋಗಿ ಪೆಟ್ಟಿಗೆ ತೆಗೆದಳು. ಅವಳ ಮದುವೆಯ ಗಾದಿಗೆಂದು ಅಪ್ಪ ಬೆಂಗಳೂರಿನಿಂದ ತಂದಿಟ್ಟ ಕೆಂಪು ಸ್ಯಾಟಿನ್ ಬಟ್ಟೆ, ಮೇಲೆ ಚಿನ್ನದ ಬಣ್ಣದ ಹೂವು. ಹಗುರ, ಗಟ್ಟಿ. ಇವನು ಬಾಯಿ ಬಿಡದಿದ್ದ ಮೇಲೆ ಈ ಬಟ್ಟೆಯಲ್ಲಿ ಕುಣಿಗಲ್‌ನವನಿಗೆ ಗಾದಿ ಹೊಲಿಯುವುದು ತನ್ನಿಂದಾಗದು, ಹೋಗಲಿ, ಕೊಲಂಬೊ ನೋಡಿಕೊಂಡು ಬರಲಿ ಎನ್ನಿಸಿತು. ಅಪ್ಪ ಮಟನ್ ತರಲು ಹೋಗಿದ್ದ, ಅಜ್ಜಿ ನಮಾಜಿನಲ್ಲಿದ್ದಳು. ಕೇಳುವವರು ಯಾರೂ ಇರಲಿಲ್ಲ.

ಹತ್ತಿ ಅರ್ಧಕ್ಕರ್ಧ ತೆಗೆದು, ಚಕ್ರಗಳ ನಡುವೆ ಮಾತ್ರ ತುರುಕಿ, ತಲೆ ಎತ್ತದೆ ಹೊಲಿದಳು. ಮುಖ್ತಾರ್ ಬಟ್ಟೆ ಎಳೆದು ಹಿಡಿದುಕೊಂಡಿದ್ದ. ಬೆರಳಿಗೆ ಬೆರಳು ತಾಗಿದಾಗ ಇಬ್ಬರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

"ಮತ್ತೆ ಬಿಚ್ಚು ಅಂದ್ರೆ ಈ ದಬ್ಬಳ ನಿಮಗೇ ಚುಚ್ಚಿಬಿಡ್ತೀನಿ," ಎಂದು ಅವಳು ಗಂಟು ಹಾಕಿದಳು.

ಅವನು ಮೂಟೆಯನ್ನು ತಲೆ ಮೇಲೇರಿಸಿಕೊಂಡ. ಬಾಗಿಲಲ್ಲಿ ನಿಂತ. "ಹೋಗಿ ಬರ್ತೀನಿ."

"ಹೋಗಿ," ಎಂದಳು. 'ಬನ್ನಿ' ಎಂದು ಸೇರಿಸುವಷ್ಟು ತಾಳ್ಮೆ ಅವಳಲ್ಲಿ ಉಳಿದಿರಲಿಲ್ಲ.

*

ಕಾಲು ಗಂಟೆ ಕಳೆದಿರಬಹುದು. ಹೂವಿನ ಹನುಮಂತಮ್ಮ ಒಂದು ಮೊಳ ಮಲ್ಲಿಗೆ ಹಿಡಿದು ಏದುಸಿರು ಬಿಡುತ್ತ ಒಳಗೆ ಬಂದಳು.

"ಏನವ್ವಾ ಶಕೀಲಾ, ಮದ್ವೆ ಗೊತ್ತಾತಂತೆ, ನಂಗೊಂದ್ ಮಾತ್ ಹೇಳ್ನಿಲ್ವಲ್ಲೇ! ಹುಡುಗ ಕೆಂಪು ಗಾದಿ ತಾನೇ ಹೊತ್ಕಂಡು ಪೇಟೆ ನಡೂಮಧ್ಯೆ ಹೋಯ್ತಾವ್ನೆ. ಗುಲಾಮ್ ನಬಿ ಸಾಬ್ರ ಮನೇದೇನಪ್ಪಾ ಅಂತ ಕೇಳ್ದೆ. ಹೂಂ ಅಂದ. ಚೆನ್ನಾಗಿರಿ ಕಣಪ್ಪ ಅಂದೆ. ಎಲ್ಲಾ ನಿಮ್ಮ ಆಶೀರ್ವಾದ ಅಂದ!"

ಶಕೀಲಾಗೆ ಆಗ ಹೊಳೆಯಿತು.

ಅವರ ಬೀದಿಗಳಲ್ಲಿ ಮದುವೆಯ ಗಾದಿಯನ್ನು ಯಾರೂ ಮುಚ್ಚಿ ಸಾಗಿಸುವುದಿಲ್ಲ. ಹೆಣ್ಣಿನ ಮನೆಯಿಂದ ಕೆಂಪು ಗಾದಿ ಗಂಡಿನ ಕಡೆಯವರ ತಲೆ ಮೇಲೆ ಹೊರಟು, ಪೇಟೆಯ ಎಲ್ಲರ ಕಣ್ಣಿಗೆ ಬಿದ್ದು ಹೋಗಬೇಕು. ಅದು ಹೊರಟಿತೆಂದರೆ ಸಂಬಂಧ ಗಟ್ಟಿಯಾಯಿತೆಂದೇ ಲೆಕ್ಕ. ತುಮಕೂರಿನವನಿಗೆ ಇದು ಗೊತ್ತಿರಲಿಕ್ಕಿಲ್ಲ. ಆದರೆ ಅವಳಿಗೆ? ಹುಟ್ಟಿದಾಗಿನಿಂದ ಎಷ್ಟು ಗಾದಿ ಕಳಿಸಿಲ್ಲ ಈ ಬಾಗಿಲಿಂದ! ಸಿಟ್ಟಿನಲ್ಲಿ ಬಟ್ಟೆಯೊಂದೇ ಕಂಡಿತ್ತು, ಬೀದಿ ಮರೆತುಹೋಗಿತ್ತು.

ಹನುಮಂತಮ್ಮ ಆಚೆ ಹೋಗುವಷ್ಟರಲ್ಲಿ ಅಪ್ಪ ಬಂದ. ಅಪ್ಪನ ಹಿಂದೆಯೇ ಕುಣಿಗಲ್‌ನವರು. ರಹಿಮಾ ಬೀ ಹಾಸಿದ ಚಾಪೆಯ ಮೇಲೆ ಕೂರಲೇ ಇಲ್ಲ.

"ಬಸ್ಸಿಳಿದ ಕೂಡಲೇ ನಿಮ್ಮ ಅಳಿಯನ್ನ ನೋಡಿದ್ವಿ," ಎಂದಳು. "ಬಸ್‌ಸ್ಟ್ಯಾಂಡ್ ಪೂರ್ತಿ ಗುಲಾಮ್ ನಬಿ ಅಳಿಯ ಅಂತ ಅವನಿಗೆ ಮುಬಾರಕ್ ಹೇಳ್ತಿತ್ತು. ಅವನು ಎಲ್ಲರಿಗೂ ಶುಕ್ರಿಯಾ ಹೇಳ್ತಿದ್ದ. ಗಾದಿ ಕಳಿಸಿದ ಮೇಲೆ ನಮ್ಮನ್ನ ಯಾಕೆ ಕರೆಸಿದ್ರಿ ಭಾಯಿ, ಊಟಕ್ಕಾ?"

ಗುಲಾಮ್ ನಬಿ ಬಾಯಿ ತೆರೆಯುವ ಮೊದಲೇ ಅವರು ಮೆಟ್ಟಿಲಿಳಿದಿದ್ದರು. ಅಜ್ಜಿ ಗೋಡೆಗೊರಗಿ ಕೂತಳು. ಅಪ್ಪ ಖಾಲಿ ಪೆಟ್ಟಿಗೆ ನೋಡಿದ, ಮಗಳನ್ನು ನೋಡಿದ.

"ಆ ಬಟ್ಟೆ ಎಲ್ಲಿ?"

"ಸೈಕಲ್ಲಿಗೆ ಹೊಲಿದೆ ಅಬ್ಬಾ."

"ಸೈಕಲ್ಲಿಗೆ!" ಅವನು ತಲೆ ಮೇಲೆ ಕೈಯಿಟ್ಟುಕೊಂಡ. "ನಾಳೆ ಸೈಕಲ್ಲಿಗೆ ಹೊಲಿದದ್ದು ಅಂತ ಮನೆಮನೆಗೆ ಹೋಗಿ ಹೇಳ್ಲಾ? ಯಾರು ನಂಬ್ತಾರೆ? ಇನ್ಯಾರು ಬರ್ತಾರೆ ಈ ಬಾಗಿಲಿಗೆ?"

ಆಗ ಬಾಗಿಲಿಗೆ ಬಂದವನು ಮುಖ್ತಾರ್. ಬರಿಗೈ, ಅಂಗಿಯೆಲ್ಲ ಬೆವರು.

ಶಕೀಲಾಗೆ ಎಲ್ಲಿತ್ತೋ ಸಿಟ್ಟು! ಅಪ್ಪ ಇದ್ದಾನೆಂಬುದನ್ನೂ ಮರೆತಳು. "ಯಾಕೆ ಬಂದ್ರಿ? ಮತ್ತೆ ಬಿಚ್ಚಬೇಕಾ? ಎಲ್ಲಿ ಸೈಕಲ್ಲು?"

"ಸಿದ್ದಯ್ಯನ ಹತ್ರ ಬಿಟ್ಟು ಓಡಿಬಂದೆ. ಬೆಂಗಳೂರಿಗೆ ಒಂದು ಬಸ್ಸು ಹೋಯ್ತು. ಇನ್ನೊಂದಿದೆ."

"ಜನ ಮುಬಾರಕ್ ಅಂದ್ರೆ ಶುಕ್ರಿಯಾ ಅಂದ್ರಂತೆ?"

"ಮೊದಲು ರೇಸಿಗೆ ಅಂದ್ಕೊಂಡೆ." ಅವನು ಹಣೆಯ ಬೆವರೊರೆಸಿಕೊಂಡ. "ಆಮೇಲೆ ಬಳೆ ಅಂಗಡಿಯವರು ಮದುವೆ ಯಾವಾಗ ಅಂದ್ರು. ಅಲ್ಲ, ಇದು ಸೈಕಲ್ಲು, ಅಂತ ಹೇಳ್ಬೇಕಿತ್ತು. ಬಾಯಿ ತೆರೆದೆ. ಹೇಳೋಕೆ ಮನಸ್ಸು ಬರಲಿಲ್ಲ. ಶುಕ್ರಿಯಾ ಅಂದೆ. ಅನ್ನೋಕೆ ಬಹಳ ಚೆನ್ನಾಗಿತ್ತು, ಶಕೀಲಾ. ಬಸ್‌ಸ್ಟ್ಯಾಂಡ್‌ವರೆಗೂ ಅಂದ್ಕೊಂಡೇ ಹೋದೆ."

ಎರಡು ವರ್ಷದಲ್ಲಿ ಅವನು ಒಮ್ಮೆಗೇ ಇಷ್ಟು ಮಾತಾಡಿದ್ದು ಇದೇ ಮೊದಲು. ಒಂದರಲ್ಲೂ ಬೇರಿಂಗು ಇರಲಿಲ್ಲ.

ಮುಖ್ತಾರ್ ಗುಲಾಮ್ ನಬಿಯ ಕಡೆ ತಿರುಗಿದ. "ಚಾಚಾ, ನಾನು ಗೆದ್ದು ಬಂದು ಕೇಳೋಣ ಅಂತಿದ್ದೆ. ಬರೀ ಸೈಕಲ್ ಶಾಪಿನ ಹುಡುಗನಿಗೆ ನೀವು ಕೊಡಲ್ಲ ಅಂತ ಹೆದರಿಕೆ. ಕುಣಿಗಲ್ ಬಸ್ಸಿಳಿದವರು ಗಾದಿ ನೋಡಿ ಕೆಂಪಗಾಗಿ ಈ ಕಡೆ ಬರೋದು ನೋಡಿದೆ, ನನ್ನಿಂದ ನಿಮ್ಮ ಮರ್ಯಾದೆ ಹೋಯ್ತು ಅಂತ ಗೊತ್ತಾಯ್ತು. ಗೆಲ್ತೀನೋ ಇಲ್ವೋ ಗೊತ್ತಿಲ್ಲ. ಈಗಲೇ ಕೇಳ್ತಾ ಇದೀನಿ."

"ನೀನು ಗೆಲ್ಲೋವರೆಗೂ ನನ್ನ ಮಗಳು ಕುಣಿಗಲ್‌ನಲ್ಲಿ ಕೂತು ಕಾಯ್ತಿದ್ಲಾ, ದಡ್ಡ?" ಎಂದು ಗುಲಾಮ್ ನಬಿ ಗದರಿದ. ಆಮೇಲೆ ದನಿ ತಗ್ಗಿಸಿ ಮಗಳ ಕಡೆ ತಿರುಗಿದ. "ಊರು ಏನಾದ್ರೂ ಅಂದುಕೊಳ್ಳಲಿ, ಅದನ್ನ ನಾನು ನೋಡ್ಕೋತೀನಿ. ನಿನಗೆ ಬೇಡ ಅಂದ್ರೆ ಬೇಡ. ಹೇಳಮ್ಮ, ಏನಂತೀಯ?"

ಮುಖ್ತಾರ್ ಈಗ ನೆಲ ನೋಡಲಿಲ್ಲ, ಅಂಗಿಯ ಅರಳೆ ಬಿಡಿಸಲಿಲ್ಲ. ನೇರವಾಗಿ ಅವಳನ್ನೇ ನೋಡುತ್ತಿದ್ದ. ಎರಡು ವರ್ಷ ಈ ನೋಟಕ್ಕೆ ಕಾದಿದ್ದವಳಿಗೆ ಈಗ ಅದನ್ನು ತಡೆದುಕೊಳ್ಳುವುದೇ ಕಷ್ಟವಾಯಿತು. ದುಪಟ್ಟಾ ತಲೆ ಮೇಲೆ ಎಳೆದುಕೊಂಡಳು.

"ಈ ಮನುಷ್ಯನ ಸಹವಾಸದಲ್ಲಿ ನನಗೆ ಸಾಕುಸಾಕಾಗಿದೆ ಅಬ್ಬಾ," ಎಂದಳು. "ಇಷ್ಟು ಸಿಟ್ಟು ಇನ್ನೊಬ್ಬರ ಮೇಲೆ ಮಾಡ್ಕೊಳ್ಳೋಕೆ ಮಾತ್ರ ನನ್ನಿಂದ ಈ ಜನ್ಮದಲ್ಲಿ ಆಗಲ್ಲ."