ಮುಕ್ಕಾಲು ಗಂಟೆಯ ತವರು

ಸ್ಯಾಂಟಿಯಾಗೊದಿಂದ ಹೊರಟ ಜಿಗಿವಿಮಾನ ಹುಬ್ಬಳ್ಳಿಯ ಹೊರಗೆ ಇಳಿದಾಗ, ಅಲ್ಲಿ ಕುಡಿದು ಬಂದ ಚಹಾದ ರುಚಿ ಮಂದಾಕಿನಿಯ ಬಾಯಲ್ಲಿ ಇನ್ನೂ ಇತ್ತು. ಹದಿನಾರು ಸಾವಿರ ಕಿಲೋಮೀಟರ್ ದಾರಿ, ಮುಕ್ಕಾಲು ಗಂಟೆ! ವಿಮಾನ ಗಾಳಿಯ ಪದರವನ್ನೇ ದಾಟಿ ಮೇಲೆ ಚಿಮ್ಮುತ್ತದೆ. ಅಲ್ಲಿ ಅದನ್ನು ತಡೆಯುವುದು ಏನೂ ಇಲ್ಲ. ಎಸೆದ ಕಲ್ಲಿನಂತೆ ಬಾಗಿ ಭೂಮಿಯ ಆಚೆ ಬದಿಗೆ ಬೀಳುತ್ತದೆ. ಬೀಳುವಾಗ ಅದನ್ನು ಮೆಲ್ಲಗೆ ತಡೆದು ಇಳಿಸುವ ಎಂಜಿನ್ ರೂಪಿಸಿದವಳು ವಾರಿಜಾ ಬಡಿಗೇರ, ಮಂದಾಕಿನಿಯ ಅಕ್ಕ.

ಆ ಎಂಜಿನ್ನಿಗಾಗಿ ವಾರಿಜಾ ಜೀವ ತೇದದ್ದು ಒಂದೇ ಆಸೆಗೆ. ದೂರದೇಶದ ದವಾಖಾನೆಯಲ್ಲಿ ವೈದ್ಯೆಯಾಗಿರುವ ತಂಗಿ ಪಂಚಮಿ ಹಬ್ಬಕ್ಕೆ ತಪ್ಪದೆ ತವರಿಗೆ ಬರಬೇಕು. ಮೊದಲೆಲ್ಲ ಅವಳು ಮೂರು ವಿಮಾನ ಬದಲಿಸಿ, ಒಂದೂವರೆ ದಿನ ಕೂತು, ಬಾತ ಕಾಲಲ್ಲಿ ಬಂದಿಳಿಯುತ್ತಿದ್ದಳು. ಜಿಗಿವಿಮಾನ ಕಾಣದ ನಾವು ಇವತ್ತು ಬೈದುಕೊಂಡೇ ಸವೆಸುವ ದಾರಿ ಅದು. ಆದರೆ ಅಷ್ಟು ದೂರದಿಂದ ಬಂದವಳು ತಿಂಗಳು ಇರದೆ ಹೋಗುವ ಮಾತೇ ಇರಲಿಲ್ಲ. ಶೇಂಗಾ ಉಂಡಿ ಕಟ್ಟುತ್ತಾ, ಜೋಕಾಲಿ ಆಡುತ್ತಾ, ಜಗಳವಾಡಿ ಮಾತು ಬಿಟ್ಟು ಮತ್ತೆ ಒಂದಾಗಲೂ ಸಮಯವಿರುತ್ತಿತ್ತು. ಹೊರಡುವ ದಿನ ಅಕ್ಕ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಇಟ್ಟು ಉಡಿ ತುಂಬುವಾಗ ಇಬ್ಬರೂ ಅಳುತ್ತಿದ್ದರು.

ಈಗ ವರ್ಷಕ್ಕೆ ಆರೇಳು ಸಲ ಬರುತ್ತಾಳೆ. ಒಂದು ರಾತ್ರಿಯೂ ಉಳಿದಿಲ್ಲ. ಮಧ್ಯಾಹ್ನ ಬಂದು ಸಂಜೆ ಹೊರಟರೆ ಅಲ್ಲಿನ ಬೆಳಗಿನ ಕೆಲಸಕ್ಕೆ ಸರಿಯಾಗುತ್ತದೆ. ಉಡಿ ತುಂಬುತ್ತೇನೆಂದರೆ, ಮುಂದಿನ ತಿಂಗಳು ಬರುತ್ತೇನಲ್ಲ, ಈಗೇಕೆ ಎಂದು ನಗುತ್ತಾಳೆ. ವಾರಿಜಾ ದಾರಿಯನ್ನು ಕತ್ತರಿಸಲು ಹೋಗಿ ತಂಗಿಯ ಜೊತೆಗಿನ ದಿನಗಳನ್ನೇ ಕತ್ತರಿಸಿಬಿಟ್ಟಿದ್ದಳು.

ಈ ಪಂಚಮಿಗೂ ಅಂಗಳದ ಬೇವಿನ ಮರಕ್ಕೆ ಜೋಕಾಲಿ ಕಟ್ಟಿತ್ತು. ಮಂದಾಕಿನಿ ಅರ್ಧ ಉಂಡಿ ತಿಂದು ಗಡಿಯಾರ ನೋಡಿಕೊಂಡಳು. ವಾರಿಜಾ ಒಳಗೆ ಹೋದಳು, ಸ್ವಲ್ಪ ಹೊತ್ತು ಬಿಟ್ಟು ಹೊರಗೆ ಬಂದಳು.

“ಇವತ್ತ ಸಂಜಿ ವಿಮಾನ ಇಲ್ಲಂತವಾ. ಗಾಳಿ ಬಾಳ ಐತಂತ.”

ಆ ವಿಮಾನ ಬಿರುಗಾಳಿಗೂ ಜಗ್ಗುವಂಥದ್ದಲ್ಲ. ಹಾಗೆ ರೂಪಿಸಿದವಳೂ ಇವಳೇ. ಮಂದಾಕಿನಿ ದವಾಖಾನೆಗೆ ಫೋನು ಮಾಡಿ ಒಂದು ದಿನ ರಜೆ ಹೇಳಿ, ಜೋಕಾಲಿಯಲ್ಲಿ ಕೂತಳು. ವಾರಿಜಾಳ ಜೀವ ಹಗುರಾಯಿತು.

ಪಾಪ, ಭೂಮಿಯ ಆಚೆ ಬದಿಯವರೆಗಿನ ದೂರವನ್ನೆಲ್ಲ ಅಳೆದವಳು, ವಿಮಾನ ನಿಲ್ದಾಣ ತನ್ನ ಮನೆಗೆ ಎಷ್ಟು ಹತ್ತಿರವೆಂಬುದನ್ನೇ ಮರೆತಿದ್ದಳು. ಹೊತ್ತು ಮುಳುಗುವಾಗ ಗುಡುಗಿದಂಥ ಸದ್ದಾಯಿತು. ಬೇವಿನ ಮರದ ಮೇಲಿಂದ, ಇಬ್ಬರಿಗೂ ಕಾಣುವಂತೆ, ಸಂಜೆಯ ಜಿಗಿವಿಮಾನ ನೆಟ್ಟಗೆ ಮೇಲೇರಿತು. ಮರದ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ವಾರಿಜಾ ತಲೆ ತಗ್ಗಿಸಿದಳು. ಮಂದಾಕಿನಿ ಅದು ಮರೆಯಾಗುವವರೆಗೂ ನೋಡಿದಳು. ಆಮೇಲೆ ಜೋಕಾಲಿಯ ಹಗ್ಗ ಭದ್ರವಾಗಿ ಹಿಡಿದುಕೊಂಡಳು.

“ಹೌದಕ್ಕಾ, ಗಾಳಿ ಬಾಳ ಐತಿ. ಇನ್ನ ನಾಕ ದಿನಾ ನಿಲ್ಲೂ ಹಂಗ ಕಾಣೂದಿಲ್ಲ. ಜೋಕಾಲಿ ತೂಗು.”