ಉರಿಯದ ಹನಿ

ಸೋಮವಾರ ಬೆಳಗ್ಗೆ 10.40ಕ್ಕೆ ಕುರುಗೋಡಿನ ಜಡೆಮ್ಮ ತಂಗಿ ಪಾರಮ್ಮನ ಕೈ ಹಿಡಿದು ಬಳ್ಳಾರಿಯ ಠಾಣೆ ಮೆಟ್ಟಿಲು ಹತ್ತಿದಳು. ಜಡೆಮ್ಮನ ಎರಡೂ ಕಣ್ಣು ಹೋಗಿದ್ದವು. ಕಂಟೋನ್ಮೆಂಟಿನ ಡಾಕ್ಟರ್ ಕೊಟ್ಟೂರಪ್ಪ ಸಂಶೋಧನೆ ಅಂತ ಒಂದೂವರೆ ವರ್ಷ ಪುಕ್ಕಟೆ ಹನಿ ಕೊಟ್ಟು ತನ್ನನ್ನು ಕುರುಡಿ ಮಾಡಿದ ಎಂಬುದು ದೂರು.

"ಹನಿ ತಪ್ಪಿಸಿದ್ದೇನವ್ವಾ?" ಇನ್ಸ್‌ಪೆಕ್ಟರ್ ದೊಡ್ಡಬಸವರಾಜ ಕೇಳಿದರು.

"ಒಂದಿನಾನೂ ಇಲ್ರೀ. ಎಲ್ಲಾರೂ ನನ್ನ ತಪ್ಪಂತಾರ."

11.15ಕ್ಕೆ ಎಫ್‌ಐಆರ್ ಆಯಿತು. ಮಧ್ಯಾಹ್ನ ಕೊಟ್ಟೂರಪ್ಪ ತಾನಾಗಿಯೇ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟ. ಹನ್ನೆರಡು ರೋಗಿಗಳಿಗೆ ನೀಲಿ ಮುಚ್ಚಳದ ಸೀಸೆ, ಇನ್ನು ಹನ್ನೆರಡು ಮಂದಿಗೆ ಬಿಳಿ ಮುಚ್ಚಳದ್ದು. ಗ್ಲಾಕೋಮಾದಲ್ಲಿ ಕಣ್ಣಿನ ಒತ್ತಡ ಏರಿ, ಮಿದುಳಿಗೆ ಹೋಗುವ ನರ ಒಣಗುತ್ತದೆ. ಅದು ಎಷ್ಟು ಬೇಗ ಒಣಗುತ್ತದೆ ಎಂಬುದೇ ಅವನ ಸಂಶೋಧನೆ.

"ಜಡೆಮ್ಮಗ ನೀಲಿ ಮುಚ್ಚಳದ್ದು, ಒತ್ತಡ ಇಳಿಸೋ ಔಷಧಿ. ಆಕಿ ಹಾಕ್ಕೊಂಡಿಲ್ಲ, ಅಷ್ಟ."

"ಬಿಳಿ ಮುಚ್ಚಳ?"

"ಅದೂ ಔಷಧಿನ. ಬ್ಯಾರೆ ಕಂಪನಿದು."

ಕಾಗದ ನೋಡಿದರೆ ಡಾಕ್ಟರು ಸಾಚಾ. ಆದರೆ ಹೆಡ್ ಕಾನ್‌ಸ್ಟೆಬಲ್ ಶಶಿರೇಖಾ ಸಂಜೆತನಕ ರಿಜಿಸ್ಟರ್ ತಿರುವಿ ಹಾಕಿ ಒಂದು ವಿಚಿತ್ರ ಹಿಡಿದಳು. ನೀಲಿಯ ಹನ್ನೆರಡು ಮಂದಿಯಲ್ಲಿ ಜಡೆಮ್ಮ ಒಬ್ಬಳೇ ಕುರುಡಿ. ಬಿಳಿಯ ಹನ್ನೆರಡು ಮಂದಿಯಲ್ಲಿ ಕಣ್ಣು ನೆಟ್ಟಗಿದ್ದವಳು ಪಾರಮ್ಮ ಒಬ್ಬಳೇ. ಉಳಿದವರು ಅರೆಬರೆ ಕಂಡು ಗೋಡೆ ತಡವುತ್ತಿದ್ದರು, ಪಾಪ!

ಮಂಗಳವಾರ 9.30ಕ್ಕೆ ಸಿರುಗುಪ್ಪದಲ್ಲಿ, ಪಾರಮ್ಮನ ಮನೆಯಲ್ಲಿ ಪಂಚನಾಮೆ. ಹೊಲಿಗೆ ಯಂತ್ರದ ಪಕ್ಕದ ಗೂಡಿನಲ್ಲಿದ್ದ ಸೀಸೆಗಳೆಲ್ಲ ನೀಲಿ ಮುಚ್ಚಳದವು.

"ಇವು ನಿಮ್ಮಕ್ಕನವು. ಇಲ್ಲಿಗೆ ಹೆಂಗ ಬಂದ್ವು?"

ಪಾರಮ್ಮ ಉಗುಳು ನುಂಗಿದಳು. "ಪ್ರತಿ ತಿಂಗ್ಳ ಬಸ್‌ಸ್ಟ್ಯಾಂಡ್‌ನ್ಯಾಗ ಬದ್ಲಿ ಮಾಡ್ತಿದ್ವಿ. ಆಕೀದು ಕಣ್ಣಾಗ ಉರೀತಿತ್ತು, ನಂದು ಉರೀತಿರ್ಲಿಲ್ಲ. ಉರಿಯೋದ ಖರೇ ಔಷಧಿ, ನಿನಗ ಹೊಲಿಗಿ ಐತಿ, ನೀ ಹಾಕ್ಕೋ ಅಂದ್ಳು."

ಕುರುಗೋಡಿನಲ್ಲಿ ಜಡೆಮ್ಮನ ಮನೆಯಿಂದ ಬಿಳಿ ಸೀಸೆಗಳನ್ನು ವಶಪಡಿಸಿಕೊಂಡರು. ಒಂಬತ್ತನೇ ದಿನ ಪ್ರಯೋಗಾಲಯದ ವರದಿ ಬಂತು. ಬಿಳಿ ಸೀಸೆಯಲ್ಲಿದ್ದದ್ದು ಬರೀ ಉಪ್ಪುನೀರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಬಿಳಿ ಸೀಸೆಯವರನ್ನೆಲ್ಲ ಅಂದೇ ಬೇರೆ ಆಸ್ಪತ್ರೆಗೆ ಸಾಗಿಸಿದರು. ಇಬ್ಬರಿಗೆ ಆಗಲೇ ತಡವಾಗಿತ್ತು.

ವರದಿಯ ಸಂಗತಿ ಕೇಳಿ ಪಾರಮ್ಮ ಠಾಣೆಯಲ್ಲೇ ಹಣೆ ಚಚ್ಚಿಕೊಂಡಳು. "ನನ್ನ ಪಾಲಿನ ಕತ್ತಲಿ ನೀ ತಗೊಂಡ್ಯಲ್ಲಬೇ!"

ಜಡೆಮ್ಮ ತಡಕಾಡಿ ತಂಗಿಯ ಕೆನ್ನೆ ಒರೆಸಿದಳು. "ಅಳಬ್ಯಾಡಲೇ. ಕಣ್ಣು ಕೆಡ್ತಾವು."

ಶಶಿರೇಖಾ ಎದ್ದು ಹೊರಗೆ ಹೋದಳು.

ಸಂಜೆ 4.20ಕ್ಕೆ ಬಂಧನ. ಜೀಪು ಹತ್ತುವಾಗ ಕೊಟ್ಟೂರಪ್ಪನ ಮೊಣಕಾಲು ಬಾಗಿಲಿಗೆ ಬಡಿಯಿತು. ಪಕ್ಕದ್ದು ಅವನಿಗೆ ಕಾಣುತ್ತಿರಲಿಲ್ಲ. ಅದೇ ರೋಗ, ಐದು ವರ್ಷದಿಂದ. ಯಾವ ಔಷಧಿಗೂ ಬಗ್ಗದೆ ಅವನ ನರ ಒಣಗುತ್ತಿತ್ತು. ಇನ್ನೆಷ್ಟು ತಿಂಗಳು ಎಂದು ಯಾವ ಪುಸ್ತಕವೂ ಹೇಳಲಿಲ್ಲ. ಅದಕ್ಕೆ ಹನ್ನೆರಡು ಜನರನ್ನು ಕತ್ತಲೆಗೆ ಅಟ್ಟಿ ತಿಂಗಳು ಎಣಿಸುತ್ತ ಕೂತಿದ್ದ, ಪಾಪಿ.

ಹೇಳಿಕೆಗೆ ಸಹಿ ಹಾಕಿದ ಮೇಲೆ ಮೆಲ್ಲಗೆ ಕೇಳಿದ: "ಸಾಹೇಬ್ರ, ಸೀಸೆ ಬದ್ಲಿ ಶುರುವಾಗಿದ್ದು ಯಾವ ತಿಂಗ್ಳರಿ? ಆಕಿಗೆ ಪೂರಾ ಕತ್ತಲಾಗಿದ್ದು ಯಾವಾಗ? ನನ್ನ ಲೆಕ್ಕ ತಪ್ಪೈತಿ."

ಎರಡೂ ತಾರೀಖು ಜಡೆಮ್ಮನ ಹೇಳಿಕೆಯಲ್ಲಿ ಇದ್ದವು. ದೊಡ್ಡಬಸವರಾಜ ಕಡತ ಮುಚ್ಚಿ, ಅವನನ್ನು ಒಳಗೆ ಹಾಕಲು ಹೇಳಿದರು.